ರ ಗ ಸ ದ ಅ

ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರವರೆಗೆ ಪೀಣ್ಯದ ಹಿಂಬದಿಯ ಓಣಿಗಳ ತುಂಬ ಹೆಂಗಸರೇ. ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ, ಹೆಗಲಿಗೊಂದು ಬ್ಯಾಗು, ಅದರೊಳಗೆ ಊಟದ ಡಬ್ಬಿ. ಗಾರ್ಮೆಂಟ್ಸ್ ಗೇಟಿನಲ್ಲಿ ಪಂಚ್ ಮಾಡುವುದು ತಡವಾದರೆ ಸಂಬಳ ಮುರಿಯುತ್ತಾರೆ. ಹಾಗಾಗಿ ಇಲ್ಲಿ ಯಾರೂ ಪೂರ್ತಿ ನಡೆಯುವುದಿಲ್ಲ, ಅರ್ಧ ಓಡುತ್ತಾರೆ. ಕೆಲವರ ಬೆರಳು ಹಿಡಿದು ನೀಲಿ ಸಮವಸ್ತ್ರದ ಮಕ್ಕಳೂ ಓಡುತ್ತಿರುತ್ತವೆ. ಪೌಡರ್ ಕೋಟಿಂಗ್ ಅಂಗಡಿಯ ತಿರುವಿನಲ್ಲಿ ಬೆರಳು ಬಿಡುತ್ತದೆ. ತಾಯಿ ಎಡಕ್ಕೆ, ಮಗು ಬಲಕ್ಕೆ. ಬಲಗಡೆ ನೂರು ಹೆಜ್ಜೆ ಹಾಕಿದರೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ.

ಪೀಣ್ಯ ಕೈಗಾರಿಕಾ ಪ್ರದೇಶವಾದದ್ದು 1970ರ ದಶಕದಲ್ಲಿ. ಅದಕ್ಕೂ ಮುಂಚೆ ಈ ಸುತ್ತಿನಲ್ಲಿ ಇದ್ದವು ಹಳ್ಳಿಗಳು: ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ, ನೆಲಗದರನಹಳ್ಳಿ. ರಾಗಿ ಹೊಲ, ಕೆರೆ, ಊರ ಮುಂದೊಂದು ದೇವಸ್ಥಾನ, ಪಕ್ಕದಲ್ಲೊಂದು ಹೆಂಚಿನ ಶಾಲೆ. ಹೊಲಗಳ ಮೇಲೆ ಶೆಡ್ಡುಗಳೆದ್ದವು, ಶೆಡ್ಡುಗಳಲ್ಲಿ ಲೇತ್ ಯಂತ್ರಗಳು ಬಂದು ಕೂತವು. ಯಂತ್ರಗಳ ಹಿಂದೆ ಜನ ಬಂದರು. ಊರು ಕಾಣದಾಯಿತು, ಶಾಲೆ ಮಾತ್ರ ಇದ್ದಲ್ಲೇ ಉಳಿಯಿತು. ಹೆಂಚಿನ ಹಳೆಯ ಕಟ್ಟಡದಲ್ಲಿ ಈಗ ಅಂಗನವಾಡಿ. ಅದರ ಎದುರು ಯಾವುದೋ ಕಂಪನಿಯ ನೆರವಿನಿಂದ ಎದ್ದ ಎರಡಂತಸ್ತಿನ ಕಟ್ಟಡ. ನಡುವೆ ಹೊಂಗೆಮರ. ಹೊಲ ಕೊಟ್ಟ ಊರಿನವರ ಮೊಮ್ಮಕ್ಕಳು ಬೆಳಿಗ್ಗೆ ಹಳದಿ ವ್ಯಾನು ಹತ್ತಿ ಟೈ ಕಟ್ಟಿಸುವ ಶಾಲೆಗಳಿಗೆ ಹೋಗುತ್ತಾರೆ. ಅವರ ಅಜ್ಜಂದಿರು ಕೂತಿದ್ದ ಜಾಗದಲ್ಲಿ ಯಾದಗಿರಿಯ, ಅನಂತಪುರದ, ಬಿಹಾರದ ಗಯಾದ, ಒಡಿಶಾದ ಗಂಜಾಂನ, ಬಂಗಾಳದ ಮುರ್ಶಿದಾಬಾದಿನ, ನೇಪಾಳದ ಮಕ್ಕಳು ಕೂತಿದ್ದಾರೆ.

ಶಾಲೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬೆಂಗಳೂರಿನ ಅಂಚಿನಲ್ಲಿ ಇಂಥ ಶಾಲೆ ಇದೊಂದೇ ಅಲ್ಲ, ಬೊಮ್ಮನಹಳ್ಳಿಯಲ್ಲೂ ವೈಟ್‌ಫೀಲ್ಡ್ ಕಡೆಗೂ ಇವೆ. ಒಂದನ್ನು ನೋಡಿದವರಿಗೆ ಇನ್ನೊಂದರ ಗೇಟು ಪರಿಚಿತವೇ.

ಗೇಟಿನೊಳಗೆ ಎರಡು ಶಾಲೆಗಳಿವೆ. ಬಲಕ್ಕೆ ಕನ್ನಡ ಶಾಲೆ, ಮೂಲೆಯ ಎರಡು ಕೋಣೆಗಳಲ್ಲಿ ಉರ್ದು ಶಾಲೆ. ಎರಡಕ್ಕೂ ಬೇರೆ ಬೇರೆ ಮುಖ್ಯ ಶಿಕ್ಷಕಿಯರು, ಬೇರೆ ಹಾಜರಿ ಪುಸ್ತಕಗಳು. ನೀರಿನ ತೊಟ್ಟಿ ಒಂದೇ, ಆಟದ ಬಯಲು ಒಂದೇ. ಕರ್ನಾಟಕದ ಪಠ್ಯಪುಸ್ತಕಗಳು ಏಳು ಮಾಧ್ಯಮಗಳಲ್ಲಿ ಅಚ್ಚಾಗುತ್ತವೆ: ಕನ್ನಡ, ಇಂಗ್ಲಿಷ್, ಉರ್ದು, ಮರಾಠಿ, ತಮಿಳು, ತೆಲುಗು, ಹಿಂದಿ. ಮಕ್ಕಳ ಹಕ್ಕಿನ ದೃಷ್ಟಿಯಿಂದ ಇದು ಉದಾರವಾದ ವ್ಯವಸ್ಥೆ. ಆದರೆ ಒಡಿಯಾ, ಬಂಗಾಳಿ, ನೇಪಾಳಿ ಈ ಏಳರಲ್ಲಿ ಇಲ್ಲ. ಬೋಧನೆ ಆದಷ್ಟೂ ಮಗುವಿನ ಮಾತೃಭಾಷೆಯಲ್ಲಿರಲಿ ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಒಂದೇ ಕೋಣೆಯಲ್ಲಿ ಏಳೆಂಟು ಮಾತೃಭಾಷೆಗಳಿದ್ದರೆ ಏನು ಮಾಡಬೇಕೆಂಬುದನ್ನು ಒಂದನೇ ತರಗತಿಯ ಮಿಸ್ ತಾವೇ ಕಂಡುಕೊಳ್ಳಬೇಕು.

ಮುಖ್ಯ ಶಿಕ್ಷಕಿಯ ಬೀರುವಿನಲ್ಲಿ ದಾಖಲಾತಿ ಪುಸ್ತಕಗಳಿವೆ. ಅಗಲವಾದ ಹಾಳೆ, ಬಟ್ಟೆ ಹಚ್ಚಿದ ರಟ್ಟು, ಅಂಚು ತಿಂದುಹೋಗಿದೆ. ಮಗುವಿನ ಹೆಸರು, ತಂದೆ, ತಾಯಿ, ಹುಟ್ಟಿದ ದಿನ, ಜಾತಿ, ಮಾತೃಭಾಷೆ, ಹಿಂದೆ ಓದಿದ ಶಾಲೆ, ಬಿಟ್ಟ ದಿನ, ಬಿಟ್ಟ ಕಾರಣ. ಮಾತೃಭಾಷೆಯ ಅಂಕಣವೊಂದರ ಮೇಲೇ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಇಳಿದರೆ ಈ ಊರಿನ ಐವತ್ತು ವರ್ಷದ ಕಥೆ ಸಿಗುತ್ತದೆ. ಮೊದಲ ಪುಟಗಳಲ್ಲಿ ಕನ್ನಡ, ಕನ್ನಡ, ತೆಲುಗು, ಕನ್ನಡ. ಆಮೇಲೆ ತಮಿಳು ಬರತೊಡಗುತ್ತದೆ. ಧರ್ಮಪುರಿ, ತಿರುವಣ್ಣಾಮಲೈ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮುಂದೆ ಉರ್ದು. ಅದರ ಮುಂದೆ ಮತ್ತೆ ಸಾಲುಸಾಲಾಗಿ ಕನ್ನಡ, ಆದರೆ ಹಿಂದಿನ ಶಾಲೆಯ ಅಂಕಣದಲ್ಲಿ ಸುರಪುರ, ಶಹಾಪುರ, ದೇವದುರ್ಗ, ಸೇಡಂ. ತೀರಾ ಈಚಿನ ಪುಟಗಳಲ್ಲಿ ಹಿಂದಿ, ನೇಪಾಳಿ, ಒಡಿಯಾ, ಬಂಗಾಳಿ.

ಹಿಂದಿ ಎಂದು ಬರೆದಿರುವ ಕಡೆ ಬಹಳ ಸಲ ಅದು ಹಿಂದಿಯಲ್ಲ. ತಾಯಿಗೆ ಕೇಳಿದರೆ ಭೋಜಪುರಿ ಎನ್ನುತ್ತಾಳೆ, ಮೈಥಿಲಿ ಎನ್ನುತ್ತಾಳೆ, ಸುಮ್ಮನೆ ‘ನಮ್ಮೂರ ಮಾತು’ ಎಂದೂ ಅನ್ನುತ್ತಾಳೆ. ತಾಂಡಾದ ಮಕ್ಕಳ ಲಂಬಾಣಿ ಎಷ್ಟೋ ಕಡೆ ಕನ್ನಡವಾಗಿಯೇ ದಾಖಲಾಗಿದೆ. 2011ರ ಜನಗಣತಿಯ ಪ್ರಕಾರ ಬೆಂಗಳೂರಿನಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಹೇಳಿದವರು ಅರ್ಧಕ್ಕಿಂತ ಕಡಿಮೆ. ಆ ಅಂಕಿಯನ್ನು ಇಟ್ಟುಕೊಂಡು ನಾವು ಎಷ್ಟೊಂದು ವಾದ ಮಾಡಿದ್ದೇವೆ! ಈ ಪುಸ್ತಕದಲ್ಲಿ ಅದೇ ಅಂಕಿ ಹೆಸರು ಹೊತ್ತು, ಹುಟ್ಟಿದ ದಿನ ಹೊತ್ತು, ಒಂದೊಂದು ಮಗುವಾಗಿ ಸಾಲಿಗೆ ನಿಂತಿದೆ.

ಸೇರಿಸಿಕೊಳ್ಳುವ ಕೆಲಸ ಜೂನ್‌ಗೆ ಮುಗಿಯುವುದಿಲ್ಲ. ಕಟ್ಟಡದ ಮೇಸ್ತ್ರಿ ಆಗಸ್ಟಿನಲ್ಲಿ ಹೊಸ ತಂಡ ಕರೆತರುತ್ತಾನೆ, ಗಾರ್ಮೆಂಟ್ಸ್‌ಗೆ ದೀಪಾವಳಿಯ ನಂತರ ಜನ ಬರುತ್ತಾರೆ, ಮಕ್ಕಳು ಜೊತೆಗೇ ಬರುತ್ತವೆ. ಕೈಯಲ್ಲಿ ಟಿ.ಸಿ. ಇರುವುದಿಲ್ಲ, ಹುಟ್ಟಿದ ದಾಖಲೆ ಊರಲ್ಲಿ ಅಜ್ಜಿಯ ಟ್ರಂಕಿನಲ್ಲಿರುತ್ತದೆ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ವಿಷಯದಲ್ಲಿ ಖಚಿತವಾಗಿದೆ: ಟಿ.ಸಿ. ಬರುವುದು ತಡವೆಂದು, ವಯಸ್ಸಿನ ಪುರಾವೆ ಇಲ್ಲವೆಂದು ಯಾವ ಮಗುವನ್ನೂ ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು. ಒಂಬತ್ತು ವರ್ಷದ, ಯಾವ ಶಾಲೆಯನ್ನೂ ಕಾಣದ ಮಗು ನೇರ ನಾಲ್ಕನೇ ತರಗತಿಗೆ ಬಂದು ಕೂರುತ್ತದೆ. ಮಕ್ಕಳ ದಾಖಲೆ ಇಡುವ ಕಂಪ್ಯೂಟರಿನ ಎಸ್‌ಎಟಿಎಸ್ ವ್ಯವಸ್ಥೆ ಮಾತ್ರ ಆಧಾರ್ ಸಂಖ್ಯೆ ಕೇಳುತ್ತಲೇ ಇರುತ್ತದೆ. ಮುಖ್ಯ ಶಿಕ್ಷಕಿಯರು ಮೊದಲು ಮಗುವನ್ನು ಬೆಂಚಿನ ಮೇಲೆ ಕೂರಿಸಿ, ಆಮೇಲೆ ಕಂಪ್ಯೂಟರಿನ ಜೊತೆ ಗುದ್ದಾಡುತ್ತಾರೆ. ನನಗೆ ಅತ್ಯಂತ ಗೌರವ ಹುಟ್ಟಿಸುವ ಸರ್ಕಾರಿ ಕೆಲಸಗಳಲ್ಲಿ ಇದೊಂದು.

ಪ್ರಾರ್ಥನೆಯ ಹೊತ್ತಿಗೆ ಹೊಂಗೆಮರದ ಕೆಳಗೆ ಸಾಲುಗಳು ನಿಲ್ಲುತ್ತವೆ. ನಾಡಗೀತೆ, ನಂತರ ಸಂವಿಧಾನದ ಪೀಠಿಕೆ. 2023ರಲ್ಲಿ ರಾಜ್ಯ ಸರ್ಕಾರ ಪೀಠಿಕೆಯ ಓದನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿತು. ಏಳನೇ ತರಗತಿಯ ಹುಡುಗನೊಬ್ಬ ಮುಂದೆ ನಿಂತು ಒಂದೊಂದೇ ತುಣುಕು ಹೇಳಿಕೊಡುತ್ತಾನೆ, ಉಳಿದವರು ಕೂಗುತ್ತಾರೆ. ‘ಸಾರ್ವಭೌಮ’ದ ಹತ್ತಿರ ಚಿಕ್ಕ ಮಕ್ಕಳ ಸಾಲು ಎಡವುತ್ತದೆ, ‘ಭ್ರಾತೃತ್ವ’ದ ಹತ್ತಿರ ಇಡೀ ಶಾಲೆಯೇ ಎಡವುತ್ತದೆ, ಕೊನೆಗೆ ಎಲ್ಲ ಸೇರಿ ದಡ ಮುಟ್ಟುತ್ತವೆ.

ಒಂದು, ಎರಡು, ಮೂರನೇ ತರಗತಿಗಳ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ನಲಿ-ಕಲಿ ಕೋಣೆ ಎಂದರೆ ಸರ್ಕಾರಿ ಶಾಲೆ ಬಲ್ಲವರಿಗೆಲ್ಲ ಗೊತ್ತು: ಬೆಂಚುಗಳಿಲ್ಲ, ನೆಲದ ಮೇಲೆ ಚಾಪೆ, ಗೋಡೆಯ ಕೆಳಭಾಗದುದ್ದಕ್ಕೂ ಮಕ್ಕಳ ಕೈಗೆಟುಕುವ ಕಪ್ಪುಹಲಗೆ, ತಲೆಯ ಮೇಲೆ ದಾರ ಎಳೆದು ಮಕ್ಕಳ ಚಿತ್ರಗಳನ್ನು ನೇತುಹಾಕಿದ ಚಪ್ಪರ. ಒಂದು ಗೋಡೆಯ ಮೇಲೆ ಕಲಿಕಾ ಏಣಿ. ಮಗು ಏಣಿಯ ಹತ್ತಿರ ಹೋಗಿ, ತಾನು ನಿನ್ನೆ ನಿಂತ ಮೆಟ್ಟಿಲು ಹುಡುಕಿ, ಅದರ ಮುಂದಿನ ಚಿಹ್ನೆ ಮತ್ತು ಸಂಖ್ಯೆಯ ಕಾರ್ಡನ್ನು ತಟ್ಟೆಯಿಂದ ಎತ್ತಿಕೊಂಡು, ಆ ಚಿಹ್ನೆಗೆ ಸಂಬಂಧಿಸಿದ ಗುಂಪಿನಲ್ಲಿ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕಿಯ ಪೂರ್ಣ ನೆರವು, ಒಂದಕ್ಕೆ ಅರ್ಧ ನೆರವು, ಒಂದಕ್ಕೆ ಗೆಳೆಯರ ನೆರವು. ಇನ್ನೊಂದರಲ್ಲಿ ಮಗು ತಾನೇ ಕಲಿಯಬೇಕು.

ಇಲ್ಲಿ ಅಕ್ಷರಮಾಲೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ. ಮೊದಲ ಗುಂಪು ಇಷ್ಟೇ. ಬರೆಯಲು ಸುಲಭ, ಒಂದರ ತಿರುವು ಇನ್ನೊಂದಕ್ಕೆ ಹತ್ತಿರ. ಐದೇ ಅಕ್ಷರ ಕೈಗೆ ಬಂದರೆ ಸಾಕು, ಪದ ಹುಟ್ಟುತ್ತದೆ: ಸರ, ದರ, ಅರಸ, ಅಗಸ, ದಸರ, ಗರಗಸ. ಪೀಣ್ಯದ ಮಗುವಿಗೆ ಗರಗಸ ಗೊತ್ತು. ಪಕ್ಕದ ಶೆಡ್ಡಿನಲ್ಲಿ ದಿನವೆಲ್ಲ ಅದೇ ಕೂಗುತ್ತಿರುತ್ತದೆ. ಕಿವಿಯಲ್ಲಿದ್ದ ಸದ್ದು ಎರಡನೇ ವಾರಕ್ಕೆ ಹಲಗೆಯ ಮೇಲೆ ನಾಲ್ಕು ಅಕ್ಷರವಾಗಿ ಬಂದಾಗ ಆ ಮುಖಗಳನ್ನು ನೋಡಬೇಕು.

ಎರಡನೇ ಗುಂಪು ಜ, ವ, ಮ, ಬ, ನ. ಇಲ್ಲಿಗೆ ಬಂದಾಗ ಮುರ್ಶಿದಾಬಾದಿನ ಹುಡುಗ ನಿಂತುಬಿಟ್ಟ. ಬಂಗಾಳಿಯಲ್ಲಿ ವ ಮತ್ತು ಬ ಬೇರೆಬೇರೆಯಲ್ಲ, ಅವನ ಕಿವಿಗೆ ಎರಡೂ ಒಂದೇ. ಅಕಾರ ಅವನ ಬಾಯಲ್ಲಿ ಒಕಾರವಾಗುತ್ತದೆ, ಸ ಶಕಾರದ ಕಡೆ ವಾಲುತ್ತದೆ. ಕಾರ್ಡಿನ ಮೇಲೆ ‘ಬಸವ’ ಎಂದಿತ್ತು. ಅವನು ‘ಬೊಶೊಬ’ ಎಂದ. ಪಕ್ಕದಲ್ಲಿ ಕೂತ ಸುರಪುರದ ಹುಡುಗಿ ಆ ಹೆಸರಿನ ಮೇಲೆ ಹಕ್ಕಿದ್ದವಳಂತೆ ತಿರುಗಿದಳು. ಅವರಪ್ಪನ ಹೆಸರೂ ಅಜ್ಜನ ಹೆಸರೂ ಅದರಲ್ಲೇ ಶುರುವಾಗುತ್ತವೆ. ‘ಹಂಗಲ್ಲೋ, ಹಲ್ಲ ತುಟಿಗಿ ಹಚ್ಚು’ ಎಂದು ತನ್ನ ಮೇಲಿನ ಹಲ್ಲು ಕೆಳತುಟಿಗೆ ಒತ್ತಿ ತೋರಿಸಿದಳು. ಅವನು ಒತ್ತಿದ, ಗಾಳಿ ಬಂತು, ಸದ್ದು ಬರಲಿಲ್ಲ. ಅವಳು ಅವನ ಗಲ್ಲ ಹಿಡಿದಳು. ‘ವಾ, ವಾ, ವಾ’ ಎಂದಳು. ಅವನೂ ‘ವಾ’ ಎಂದ. ಮಿಸ್ ಆ ಕಡೆ ನೋಡಿದರು, ಏಳಲಿಲ್ಲ. ಕಲಿಯುತ್ತಿರುವುದನ್ನು ಕಂಡು ಸುಮ್ಮನಿರುವುದು ಮೇಷ್ಟ್ರಿಕೆಯಲ್ಲಿ ಬಹಳ ದೊಡ್ಡ ವಿದ್ಯೆ.

ಆ ಹುಡುಗಿಗೂ ಅವಳದೇ ಕಷ್ಟಗಳಿವೆ. ಮನೆಯಲ್ಲಿ ‘ಬರ್ಲಾಕತ್ತಾನ್ರಿ’ ಅನ್ನುವವಳಿಗೆ ಪುಸ್ತಕದ ‘ಬರುತ್ತಿದ್ದಾನೆ’ ಇನ್ನೊಂದೇ ಭಾಷೆ. ಮಾಗಡಿ ಕಡೆಯ ಹುಡುಗ ಹಾಲಿಗೆ ‘ಆಲು’ ಅನ್ನುತ್ತಾನೆ, ಹಾವಿಗೆ ‘ಆವು’. ತಮಿಳು ಮನೆಯ ಮಗು ಉಕ್ತಲೇಖನದಲ್ಲಿ ಗ ಇರುವ ಕಡೆ ಕ ಬರೆಯುತ್ತದೆ. ಗಯಾದ ಹುಡುಗಿಗೆ ಮಳೆ ‘ಮಲೆ’ಯಾಗುತ್ತದೆ. ಅದೇ ಒಡಿಶಾದ ಹುಡುಗ ಳಕಾರವನ್ನು ಮೊದಲ ದಿನವೇ ಕನ್ನಡಿಗರಷ್ಟು ಚೊಕ್ಕವಾಗಿ ಹೇಳಿ ಎಲ್ಲರನ್ನೂ ದಂಗುಬಡಿಸಿದ. ಒಡಿಯಾದಲ್ಲಿ ಳ ಇದೆ. ಹೀಗೆ ಈ ಕೋಣೆಯಲ್ಲಿ ತಪ್ಪಿಲ್ಲದೆ ಮಾತಾಡುವವರು ಯಾರೂ ಇಲ್ಲ, ಒಂದಾದರೂ ಅಕ್ಷರವನ್ನು ಇನ್ನೊಬ್ಬರಿಗೆ ಹೇಳಿಕೊಡಲಾಗದವರೂ ಯಾರೂ ಇಲ್ಲ.

ನಲಿ-ಕಲಿ ಹುಟ್ಟಿದ್ದು ಬೆಂಗಳೂರಿಗಾಗಿ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಸರ್ಕಾರಿ ಮೇಷ್ಟ್ರುಗಳೇ ಅದನ್ನು ಕಟ್ಟಿದರು. ಕಾಡಂಚಿನ ಹಳ್ಳಿಗಳು ಅವು. ದನ ಕಾಯಲು, ಕೂಲಿಗೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮಕ್ಕಳು ವಾರಗಟ್ಟಲೆ ಶಾಲೆ ತಪ್ಪಿಸುತ್ತಿದ್ದವು. ತಿರುಗಿ ಬಂದಾಗ ಪಾಠ ಮುಂದೆ ಹೋಗಿರುತ್ತಿತ್ತು, ಮಗು ಹಿಂದೆ ಉಳಿದು ಕೊನೆಗೆ ಶಾಲೆಯನ್ನೇ ಬಿಡುತ್ತಿತ್ತು. ಅದಕ್ಕಾಗಿ ಪಾಠವನ್ನು ಮೆಟ್ಟಿಲುಗಳಾಗಿ ಒಡೆದರು. ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮಗು ಮುಂದುವರಿಯಲಿ ಎಂದು. 2009ರ ಹೊತ್ತಿಗೆ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಹೆಗ್ಗಡದೇವನಕೋಟೆಯ ಕಾಡಂಚಿನ ಮಗುವಿಗಾಗಿ ಹೊಲಿದ ಅಂಗಿ ಪೀಣ್ಯದ ವಲಸೆ ಮಗುವಿಗೆ ಅಳತೆ ತೆಗೆದಂತೆ ಹೊಂದಿದೆ.

ಈ ಮಕ್ಕಳು ಹೋಗುತ್ತಾರೆ, ಬರುತ್ತಾರೆ. ದಸರಾ ರಜೆಗೆ ನೇಪಾಳಕ್ಕೆ ಹೋದವರು ದಶೈಂ, ತಿಹಾರ್ ಎರಡೂ ಮುಗಿಸಿಕೊಂಡೇ ಬರುತ್ತಾರೆ. ಬಿಹಾರದವರಿಗೆ ಛಠ್ ಬಿಡಲಾಗದು. ರಾಯಚೂರು, ಯಾದಗಿರಿಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಅಜ್ಜಿ ಕರೆ ಮಾಡುತ್ತಾಳೆ. ಹೋದವರು ಸಂಕ್ರಾಂತಿಯ ಮೈಲಾಪುರ ಮಲ್ಲಯ್ಯನ ಜಾತ್ರೆ ಕಾಣದೆ ಬಸ್ಸು ಹತ್ತುವುದಿಲ್ಲ. ಹಾಜರಿ ಪುಸ್ತಕದಲ್ಲಿ ‘ಗೈ’ ಎಂಬ ಗುರುತು ಉದ್ದಕ್ಕೆ ಸಾಗುತ್ತದೆ. ಒಂದು ಬೆಳಿಗ್ಗೆ ಮಗು ಬಾಗಿಲಲ್ಲಿ ನಿಂತಿರುತ್ತದೆ, ಬಿಸಿಲಿಗೆ ಕಪ್ಪಾಗಿ, ಕೈತುಂಬ ಜಾತ್ರೆಯ ಬಳೆ ಹಾಕಿಕೊಂಡು. ನಲಿ-ಕಲಿಯ ಕೋಣೆಯಲ್ಲಿ ಅದು ಏಣಿಯ ಹತ್ತಿರ ಹೋಗಿ ತನ್ನ ಮೆಟ್ಟಿಲು ಹುಡುಕಿಕೊಳ್ಳುತ್ತದೆ. ತೊಂದರೆ ನಾಲ್ಕನೇ ತರಗತಿಯಿಂದ ಶುರು. ಅಲ್ಲಿ ಏಣಿ ಇಲ್ಲ, ಪಾಠಗಳಿವೆ, ಅವು ಯಾರಿಗೂ ಕಾಯುವುದಿಲ್ಲ. ಮೂರು ವರ್ಷ ಸಿಕ್ಕ ಆಸರೆ ನಾಲ್ಕನೆಯ ವರ್ಷ ಕೈಬಿಡುವುದು ನನಗೆ ಈ ವ್ಯವಸ್ಥೆಯ ಅತ್ಯಂತ ದುಃಖದ ಜಾಗವಾಗಿ ಕಾಣುತ್ತದೆ.

ಕನ್ನಡದ ಮಾತು ಇಲ್ಲಿ ಆಡಲೇಬೇಕು. 1982ರ ಗೋಕಾಕ್ ಚಳವಳಿಯಲ್ಲಿ ಈ ನಗರದ ಬೀದಿಗಳು ತುಂಬಿ ಹರಿದದ್ದು ಶಾಲೆಯಲ್ಲಿ ಕನ್ನಡಕ್ಕೆ ಸಿಗಬೇಕಾದ ಸ್ಥಾನಕ್ಕಾಗಿ. 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂತು; ಅದರ ವಿರುದ್ಧ ಪೋಷಕರು ಹೈಕೋರ್ಟ್ ಮೆಟ್ಟಿಲೇರಿದ್ದೂ ಉಂಟು. ಕನ್ನಡ ಮನೆಮಾತಿನ, ಕೈಯಲ್ಲಿ ನಾಲ್ಕು ಕಾಸು ಆಡುವ ಕುಟುಂಬಗಳು ಕನ್ನಡ ಮಾಧ್ಯಮವನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಇವತ್ತು ಪೀಣ್ಯದ ಈ ಕನ್ನಡ ಶಾಲೆ ಬಾಗಿಲು ತೆರೆದುಕೊಂಡಿರುವುದಕ್ಕೆ ಕಾರಣ ಗಯಾದ ಹುಡುಗಿ, ಗಂಜಾಂನ ಹುಡುಗ, ಬೆಳಿಗ್ಗೆ ಕಾವಲುಗಾರ ಅಪ್ಪನಿಗೆ ಚಹಾ ಮಾಡಿಕೊಟ್ಟು ಬರುವ ನೇಪಾಳದ ಅಣ್ಣ ತಂಗಿ. ಮಕ್ಕಳ ಸಂಖ್ಯೆ ಇಲ್ಲದೆ ಊರೂರಲ್ಲಿ ಕನ್ನಡ ಶಾಲೆಗಳು ಮುಚ್ಚುತ್ತಿರುವಾಗ ಇಲ್ಲಿ ಹಾಜರಿ ತುಂಬಿಸುತ್ತಿರುವವರು ಇವರು. ಸಂಜೆ ಮನೆಗೆ ಹೋಗಿ ಅಂಗಡಿಯ ಬೋರ್ಡು, ಬಸ್ಸಿನ ಫಲಕ, ಆಸ್ಪತ್ರೆಯ ಚೀಟಿ ಅಪ್ಪ ಅಮ್ಮನಿಗೆ ಓದಿ ಹೇಳುವವರೂ ಇವರೇ. ಇವರನ್ನು ಹೊರಗಿನವರು ಎಂದು ಕರೆಯುವ ದನಿಗಳು ನಗರದಲ್ಲಿ ಏಳುವಾಗ ನನಗೆ ಈ ಕೋಣೆ ನೆನಪಾಗಿ ಸಂಕಟವಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ವ್ಯಾನು ನಿಲ್ಲುತ್ತದೆ. ಸ್ಟೀಲಿನ ದೊಡ್ಡ ಡಬ್ಬಿಗಳಲ್ಲಿ ಅನ್ನ, ಸಾಂಬಾರು. ಬೆಂಗಳೂರಿನ ಬಹಳಷ್ಟು ಶಾಲೆಗಳಿಗೆ ಊಟ ಹೀಗೆ ದೊಡ್ಡ ಅಡುಗೆಮನೆಗಳಿಂದ ಬರುತ್ತದೆ. ಅಕ್ಷಯಪಾತ್ರ ಶುರುವಾದದ್ದೇ 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಂದ. ಸರ್ಕಾರದ ಬಿಸಿಯೂಟ 2002ರ ಜೂನ್‌ನಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಯಿತು. ಆಗ ಅಲ್ಲಿ ತಟ್ಟೆ ಹಿಡಿದು ಕೂತವರಲ್ಲಿ ಕೆಲವರು ಈಗ ಇಲ್ಲಿ ಮಕ್ಕಳನ್ನು ಬಿಟ್ಟು ಗಾರ್ಮೆಂಟ್ಸ್‌ಗೆ ಓಡುವ ತಾಯಂದಿರು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಅದರ ಮೇಲಿನವರಿಗೆ 150. ಬೆಳಿಗ್ಗೆ 150 ಮಿಲಿಲೀಟರ್ ಹಾಲು; 2013ರಿಂದ ಇರುವ ಕ್ಷೀರಭಾಗ್ಯ. 2024ರಲ್ಲಿ, ಮೊದಲು ವಾರಕ್ಕೆ ಮೂರು ದಿನವೆಂದು, ರಾಗಿ ಮಾಲ್ಟ್ ಸೇರಿತು.

ವ್ಯಾನಿನಲ್ಲಿ ಬಾರದೆ ಶಾಲೆಯಲ್ಲೇ ಬೇಯುವುದು ಮೊಟ್ಟೆ. 2021ರ ಡಿಸೆಂಬರ್‌ನಲ್ಲಿ ಮೊದಲು ಕಲ್ಯಾಣ ಕರ್ನಾಟಕದ ಕಡೆ ಕೊಟ್ಟರು, ಆಮೇಲೆ ರಾಜ್ಯಕ್ಕೆಲ್ಲ ಬಂತು, 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಆರು ದಿನವಾಯಿತು. ತಿನ್ನದವರಿಗೆ ಬಾಳೆಹಣ್ಣು. ಅಡುಗೆಯ ಅಕ್ಕ ಹತ್ತೂವರೆಗೇ ದೊಡ್ಡ ಪಾತ್ರೆಗೆ ನೀರಿಟ್ಟು ಚಿಟಿಕೆ ಉಪ್ಪು ಹಾಕಿರುತ್ತಾಳೆ. ಬೆಂದ ಮೊಟ್ಟೆಗಳನ್ನು ತಣ್ಣೀರಿಗೆ ಸುರಿದು, ಒಂದೊಂದನ್ನೇ ಸಿಮೆಂಟು ಕಟ್ಟೆಗೆ ತಟ್ಟಿ, ಅಂಗೈಯಲ್ಲಿ ಒಮ್ಮೆ ಹೊರಳಿಸಿ, ದಪ್ಪ ಭಾಗದಿಂದ ಸಿಪ್ಪೆ ಎಳೆಯುತ್ತಾಳೆ. ನೂರಾರು ಮೊಟ್ಟೆ ಸುಲಿದ ಬೆರಳ ತುದಿಗಳಲ್ಲಿ ಗೀರುಗಳಿವೆ. ಐದನೇ ತರಗತಿಯ ಇಬ್ಬರು ಹುಡುಗಿಯರು ಬಾಗಿಲಲ್ಲಿ ನಿಂತು ಎಣಿಸುತ್ತಾರೆ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು. ಕಾಗದದ ಮೇಲೆ ‘ಬಾಳೆಹಣ್ಣು’ ಎಂದು ಬರೆಸಿದವರಲ್ಲಿ ಕೆಲವರು ಬಡಿಸುವಾಗ ಮೊಟ್ಟೆಗೆ ಕೈಯೊಡ್ಡುತ್ತಾರೆ, ಸೋಮವಾರ ಮಾತ್ರ ಬೇಡ ಎನ್ನುವವರಿದ್ದಾರೆ, ಶ್ರಾವಣ ಮುಗಿಯುವವರೆಗೆ ಬೇಡ ಎನ್ನುವವರಿದ್ದಾರೆ. ಅಕ್ಕನಿಗೆ ಅಷ್ಟೂ ಮನೆಗಳ ವ್ರತ ನೇಮ ಬಾಯಿಪಾಠ. ಮಕ್ಕಳು ಜಗಲಿಯಲ್ಲಿ ಎದುರುಬದುರು ಕೂತು ಉಣ್ಣುತ್ತಾರೆ. ಅರಿಶಿನದ ಸಾಂಬಾರು ಅನ್ನದೊಳಗೆ ಒಂದಾಗುವವರೆಗೂ ಕಲಸುವವರು, ಕಲಸದೆ ಬದಿಯಲ್ಲಿಟ್ಟು ಅದ್ದಿ ತಿನ್ನುವವರು, ಮೊಟ್ಟೆಯ ಹಳದಿ ಭಂಡಾರವನ್ನು ಕೊನೆಗೆಂದು ತಟ್ಟೆಯ ಅಂಚಿನಲ್ಲಿ ಉಳಿಸಿಟ್ಟುಕೊಂಡವರು. ಎರಡನೇ ಸಲ ಅನ್ನ ಕೇಳಿದರೆ ಅಕ್ಕ ಯಾರಿಗೂ ಇಲ್ಲ ಅನ್ನುವುದಿಲ್ಲ.

ಮೇಲಿನ ಅಂತಸ್ತಿನಲ್ಲಿ ಇಂಗ್ಲಿಷ್ ವಿಭಾಗದ ಬೋರ್ಡಿದೆ. 2019ರಲ್ಲಿ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಆರಂಭಿಸಿದ ಮೇಲೆ ಪೋಷಕರು ಎಲ್ಲ ಕಡೆ ಕೇಳುವ ಮೊದಲ ಪ್ರಶ್ನೆ ಅದೇ ಆಯಿತು. ಕಡಿಮೆ ಶುಲ್ಕದ ಕಾನ್ವೆಂಟಿಗೆ ದೊಡ್ಡ ಮಗನನ್ನು ಹಾಕಿ, ಕೋವಿಡ್ಡಿನ ವರ್ಷ ಫೀಸು ಕಟ್ಟಲಾಗದೆ ಇಲ್ಲಿಗೆ ಕರೆತಂದವರು ಬಹಳ ಜನ. ಆ ತಾಯಂದಿರ ಆಸೆಯನ್ನು ಹಗುರವಾಗಿ ನೋಡಲು ನನಗೆ ಮನಸ್ಸು ಬಾರದು. ಹೊಲಿಗೆ ಯಂತ್ರದ ಮುಂದೆ ದಿನವೆಲ್ಲ ಕೂತವಳು, ಮೇಲ್ವಿಚಾರಕ ಇಂಗ್ಲಿಷಿನಲ್ಲಿ ಬರೆದ ಗುರಿಯ ಹಲಗೆಯನ್ನು ದಿನವೂ ನೋಡುವವಳು, ಮಗಳು ಅದನ್ನು ಓದುವಂತಾಗಲಿ ಎಂದು ಬಯಸಿದರೆ ಅದು ನ್ಯಾಯ. ಇಂಗ್ಲಿಷ್ ಚೆನ್ನಾಗಿ ಕಲಿಸುವ ಕನ್ನಡ ಶಾಲೆ ಸಿಕ್ಕರೆ ಅವಳ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ ಎಂಬುದು ನನ್ನ ನಂಬಿಕೆ. ಅದಕ್ಕೆ ಬೇಕಾದಷ್ಟು ಶಿಕ್ಷಕರು ಇಲ್ಲಿಲ್ಲ. ಪ್ರಾಥಮಿಕ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕ ಇರಬೇಕೆಂದು ಕಾಯ್ದೆಯಲ್ಲಿದೆ. ಇರುವವರು ಚುನಾವಣೆಗೆ, ಸಮೀಕ್ಷೆಗೆ, ತರಬೇತಿಗೆ ಹೋಗುತ್ತಾರೆ. 2025ರ ಜಾತಿ ಸಮೀಕ್ಷೆಯಲ್ಲಿ ಶಿಕ್ಷಕರು ಮನೆಮನೆ ಸುತ್ತಿದ್ದರಿಂದ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು.

ಸಂಜೆ ನಾಲ್ಕಕ್ಕೆ ಶಾಲೆ ಬಿಡುತ್ತದೆ, ಗಾರ್ಮೆಂಟ್ಸ್ ಬಿಡುವುದು ಐದೂವರೆ, ಆರಕ್ಕೆ. ಆ ಎರಡು ಗಂಟೆ ಹೊಂಗೆಮರದ ಸುತ್ತ ಉಳಿಯುವ ಮಕ್ಕಳಿದ್ದಾರೆ. ಆರನೇ ತರಗತಿಯ ಹುಡುಗಿಯರು ಅಂಗನವಾಡಿಯಿಂದ ತಮ್ಮಂದಿರನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿ, ಒಂದು ಕೈಯಲ್ಲಿ ಅವನ್ನು ಹಿಡಿದು ಇನ್ನೊಂದು ಕೈಯಲ್ಲಿ ಮನೆಪಾಠ ಬರೆಯುತ್ತಾರೆ. ಉರ್ದು ಶಾಲೆಯ ಹುಡುಗರು, ಕನ್ನಡ ಶಾಲೆಯ ಹುಡುಗರು ಒಂದೇ ಬಾಲಿಗೆ ಓಡುತ್ತಾರೆ. ಅಲ್ಲಿ ನಡೆಯುವುದು ದಖ್ಖನಿ, ಹಿಂದಿ, ಕನ್ನಡ ಬೆರೆತ ಬಯಲಿನ ಭಾಷೆ. ಔಟ್ ಎಂಬ ವಿಷಯದಲ್ಲಿ ಮಾತ್ರ ಯಾವ ಭಾಷೆಯಲ್ಲೂ ಒಪ್ಪಂದವಾಗುವುದಿಲ್ಲ. ನೀರು ಬಿಡುವ ಅಜ್ಜ ಗೇಟಿಗೆ ಬೀಗ ಹಾಕದೆ ಕಾಯುತ್ತಾನೆ. ಅದು ಅವನ ಕೆಲಸದ ಪಟ್ಟಿಯಲ್ಲಿಲ್ಲ.

ಶಾಲಾಭಿವೃದ್ಧಿ ಸಮಿತಿಯ ಸಭೆ ಭಾನುವಾರ, ಏಕೆಂದರೆ ಉಳಿದ ದಿನ ತಾಯಂದಿರಿಗೆ ಬರಲಾಗದು. ಎಸ್‌ಡಿಎಂಸಿ ಎಂದು ಕರೆಯುವ ಈ ಸಮಿತಿ ಕರ್ನಾಟಕದಲ್ಲಿ 2001ರಿಂದಲೇ ಇದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಹಾಗಾಗಿ ಚಾಪೆಯ ಮೇಲೆ ಮಂಡ್ಯದವರೂ ಆಂಧ್ರದ ಕದಿರಿಯವರೂ ಕೂತಿದ್ದಾರೆ, ಪಕ್ಕದಲ್ಲಿ ಗಯಾದ ತಾಯಿ. ಅವಳ ಹಿಂದಿಯನ್ನು ಅವಳ ಮಗಳೇ ಕನ್ನಡಕ್ಕೆ ತಂದು ಸಭೆಗೆ ಹೇಳುತ್ತಾಳೆ, ಸಭೆಯ ಕನ್ನಡವನ್ನು ಅಮ್ಮನ ಕಿವಿಗೆ ಹಾಕುತ್ತಾಳೆ. ಮೊದಲ ವಿಷಯ ಹುಡುಗಿಯರ ಶೌಚಾಲಯದ ಬಾಗಿಲ ಚಿಲಕ, ಐದು ನಿಮಿಷದಲ್ಲಿ ತೀರ್ಮಾನವಾಯಿತು, ಚಿಲಕ ತರುವ ಹೊಣೆಯನ್ನು ಲೇತ್ ಕೆಲಸದ ತಂದೆಯೊಬ್ಬರು ಹೊತ್ತುಕೊಂಡರು. ಎರಡನೆಯದು ಎಂಟನೇ ತರಗತಿ. ಇಲ್ಲಿ ಏಳಕ್ಕೆ ಮುಗಿಯುತ್ತದೆ. ಮುಂದಿನ ಪ್ರೌಢಶಾಲೆ ರಿಂಗ್ ರಸ್ತೆಯ ಆಚೆ, ಲಾರಿಗಳ ನಡುವೆ ದಾಟಿ ಹೋಗಬೇಕು. ದಾಟಿಸಲು ಹೆದರಿ ಹುಡುಗಿಯರನ್ನು ಮನೆಯಲ್ಲಿ ನಿಲ್ಲಿಸಿದವರು ಈ ಚಾಪೆಯ ಮೇಲೇ ಇದ್ದಾರೆ. ಒಬ್ಬಾಕೆ ಎದ್ದು ನಿಂತು ತನ್ನ ದೊಡ್ಡ ಮಗಳು ಈಗ ದಾರ ಕತ್ತರಿಸುವ ಕೆಲಸಕ್ಕೆ ಹೋಗುತ್ತಿದ್ದಾಳೆ, ಚಿಕ್ಕವಳನ್ನು ಕಳಿಸಲಾರೆ, ಇಲ್ಲೇ ಎಂಟು ಮಾಡಿಸಿ ಎಂದಳು.

ಮುಖ್ಯ ಶಿಕ್ಷಕಿ ಠರಾವು ಬರೆದರು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಎರಡು ವಿಷಯ ಕೇಳುತ್ತದೆ ಎಂದು ಅವರೇ ಹೇಳಿದರು: ಕೋಣೆ ಎಲ್ಲಿದೆ, ಮಕ್ಕಳೆಷ್ಟಿದ್ದಾರೆ. ಕೋಣೆಗೆ ಮೇಲಿನ ಅಂತಸ್ತಿನ ಉಗ್ರಾಣ ಖಾಲಿ ಮಾಡಿಕೊಡಬಹುದು. ಮಕ್ಕಳ ಲೆಕ್ಕಕ್ಕೆ ವಠಾರಗಳನ್ನು ಹಂಚಿಕೊಂಡರು. ನೀರಿನ ಟ್ಯಾಂಕಿನ ಸಾಲು ಕದಿರಿಯವರಿಗೆ, ಕಾರ್ಖಾನೆಯ ಹಿಂದಿನ ಶೀಟ್ ಮನೆಗಳು ಸುರಪುರದವರಿಗೆ. ಬಿಹಾರದವರು, ಒಡಿಶಾದವರು ಇರುವ ಮೂರಂತಸ್ತಿನ ಬಾಡಿಗೆ ಕಟ್ಟಡಗಳು ಗಯಾದ ತಾಯಿಗೂ ಅವಳ ಮಗಳಿಗೂ. ಮುಂದಿನ ಭಾನುವಾರದೊಳಗೆ, ಏಳನೇ ತರಗತಿ ಮುಗಿಸಲಿರುವ ಮತ್ತು ಮುಗಿಸಿ ಮನೆಯಲ್ಲಿರುವ ಪ್ರತಿಯೊಬ್ಬ ಹುಡುಗಿಯ ಹೆಸರು, ವಯಸ್ಸು, ಅಮ್ಮನ ಫೋನ್ ನಂಬರು ಬರೆದು ತರಬೇಕು.